ಆರ್‌ಎ-5ಸಿ ವಿಜಿಲಾಂಟಿ: ನೌಕಾಪಡೆಯ ಬೇಹು ಜೆಟ್ ಅನ್ನು ಫ್ಲೈಟ್‌ಗೇರ್‌ಗೆ ತರುವ ಬಗೆ

ಸಿಮ್ಯುಲೇಟರ್‌ಗೆ ವಿಮಾನ ಕಟ್ಟಲು ಹೊರಟವರು ಸಾಮಾನ್ಯವಾಗಿ ಮೂರು ಆಯಾಮದ ಮಾದರಿ ಮಾಡುವ ಬ್ಲೆಂಡರ್ ತಂತ್ರಾಂಶ ತೆರೆದು ಮೂಗಿನಿಂದ ಶುರು ಹಚ್ಚಿಕೊಳ್ಳುತ್ತಾರೆ. ವಿಜಿಲಾಂಟಿಯ ಮಟ್ಟಿಗೆ ಆ ದಾರಿ ಹಿಡಿದರೆ ಚೆಂದದ ಮಾದರಿ ಸಿಗುತ್ತದೆ, ವಿಜಿಲಾಂಟಿ ಸಿಗುವುದಿಲ್ಲ. ಈ ವಿಮಾನದ ವಿಶೇಷವೆಲ್ಲ ಹೊರಗಿನಿಂದ ಕಾಣದ ಕಡೆ ಇದೆ. ರೆಕ್ಕೆಯಲ್ಲಿ ಐಲರಾನ್ (ವಿಮಾನವನ್ನು ಉರುಳಿಸುವ ಫಲಕ) ಇಲ್ಲ, ಬಾಲದಲ್ಲಿ ಬೇರೆ ರಡರ್ (ಮೂಗನ್ನು ಎಡಬಲ ತಿರುಗಿಸುವ ಫಲಕ) ಇಲ್ಲ, ಇಳಿಯುವಾಗ ಕೆಳಗೆ ಬಾಗುವ ಫ್ಲಾಪ್‌ಗಳ ಮೇಲೆ ಎಂಜಿನ್‌ನಿಂದ ಸೆಳೆದ ಗಾಳಿ ಹರಿಯುತ್ತದೆ, ಕ್ಯಾಮೆರಾಗಳು ಹೊಟ್ಟೆಯಡಿಯ ದೋಣಿಯಾಕಾರದ ಕವಚದೊಳಗಿವೆ. ಹಾಗಾಗಿ ಮೊದಲು ಅಂಕಿಗಳು, ಆಮೇಲೆ ಹಾರಾಟ, ಅದಾದ ಮೇಲೆ ಆಕಾರ, ಕೊನೆಗೆ ಕ್ಯಾಮೆರಾ. ಬಣ್ಣವಿಲ್ಲದ ಬೂದು ಡಬ್ಬಿಯೊಂದು ಸರಿಯಾಗಿ ಹಾರಿ ನೌಕೆಯ ಮೇಲೆ ಇಳಿಯುವ ತನಕ ಟೆಕ್ಸ್‌ಚರ್ ಫೈಲ್ ತೆರೆಯಬೇಡಿ.

ಫ್ಲೈಟ್‌ಗೇರ್ ಎಂಬ ಹಾರಾಟ ಸಿಮ್ಯುಲೇಟರ್ ಮತ್ತು ವಿಮಾನದ ಮೇಲಿನ ಬಲಗಳನ್ನು ಲೆಕ್ಕಹಾಕುವ ಅದರ ಜೆಎಸ್‌ಬಿಸಿಮ್ ಹಾರಾಟ ಮಾದರಿಯನ್ನು ಆರಿಸಲು ಕಾರಣ ಸರಳ: ಎಲ್ಲವೂ ಎಕ್ಸ್‌ಎಂಎಲ್ ಪಠ್ಯ ಫೈಲ್‌ಗಳು, ಯಾವ ಅಂಕಿಯಿಂದ ಯಾವ ಬಲ ಬಂತು ಎಂದು ಕೊನೆಯವರೆಗೆ ಬೆನ್ನುಹತ್ತಿ ನೋಡಬಹುದು.

ಯಾವ ವಿಜಿಲಾಂಟಿ?

ನಾರ್ತ್ ಅಮೆರಿಕನ್ ಕಂಪನಿ ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ ಆ ದೇಶದ ನೌಕಾಪಡೆಗೆ ಕಟ್ಟಿದ ಈ ವಿಮಾನ 1958ರ ಆಗಸ್ಟ್ 31ರಂದು ಅಣುಬಾಂಬರ್ ಆಗಿ ಮೊದಲು ಹಾರಿತು. ಬೇಹು ರೂಪವಾದ ಆರ್‌ಎ-5ಸಿ 1962ರ ಜೂನ್ 30ರಂದು ಹಾರಿತು. 1979ರಲ್ಲಿ ಸೇವೆ ಮುಗಿಸಿತು. ಮೊದಲ ಬಗೆಯ ಬಾಂಬರ್‌ನ ಬೆನ್ನು ನೇರ, ಬೇಹು ವಿಮಾನದ ಬೆನ್ನು ಹೆಚ್ಚಿನ ಇಂಧನಕ್ಕಾಗಿ ಉಬ್ಬಿದೆ. ಆರ್‌ಎ-5ಸಿಯಲ್ಲೂ ಎರಡು ಬಗೆ. ಮೊದಲಿನವಕ್ಕೆ ಜೆ79-ಜಿಇ-8 ಎಂಜಿನ್. ಕಡೆಯ 36 ವಿಮಾನಗಳಿಗೆ ಜೆ79-ಜಿಇ-10. ಅವುಗಳ ಇನ್‌ಟೇಕ್ (ಎಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿ) ಅಂಚು ದುಂಡಗಿದೆ, ರೆಕ್ಕೆಯ ಬುಡ ಮುಂದಕ್ಕೆ ಚಾಚಿದೆ. ಹಳೆಯ ಇನ್‌ಟೇಕ್‌ಗೆ ಹೊಸ ರೆಕ್ಕೆ ಬುಡ ಜೋಡಿಸಿದ ಮಾದರಿಗಳು ಹೇರಳವಾಗಿವೆ. ಅಂತರ್ಜಾಲದಿಂದ ಇಳಿಸಿದ ಚಿತ್ರಗಳನ್ನು ಬಗೆ ನೋಡದೆ ಒಂದೇ ಫೋಲ್ಡರ್‌ಗೆ ಸುರಿದದ್ದರ ಫಲ ಅದು. ಮೊದಲ ದಿನವೇ ಎರಡು ಫೋಲ್ಡರ್ ಮಾಡಿ. ಮುಂದಿನ ಲೆಕ್ಕಗಳೆಲ್ಲ ಕಡೆಯ ಬಗೆಯವು.

ಅಳತೆ

ಉದ್ದ 76 ಅಡಿ 6 ಅಂಗುಲ, ರೆಕ್ಕೆಯ ಹರವು 53 ಅಡಿ, ಎತ್ತರ ಸುಮಾರು 19 ಅಡಿ 5 ಅಂಗುಲ, ರೆಕ್ಕೆಯ ವಿಸ್ತೀರ್ಣ ಸುಮಾರು 754 ಚದರ ಅಡಿ. ಕಾಲು-ಕಾರ್ಡ್ ರೇಖೆಯಲ್ಲಿ (ಕಾರ್ಡ್ ಎಂದರೆ ರೆಕ್ಕೆಯ ಮುಂದಿನ ಅಂಚಿನಿಂದ ಹಿಂದಿನ ಅಂಚಿನವರೆಗಿನ ಅಳತೆ) ರೆಕ್ಕೆ 37.5 ಡಿಗ್ರಿ ಹಿಂದಕ್ಕೆ ವಾಲಿದೆ.

ಮೂರು ನೋಟದ ಡ್ರಾಯಿಂಗ್ ಸಿಕ್ಕ ಕೂಡಲೇ ನಂಬಬೇಡಿ. ಮೇಲಿನ ನೋಟದಲ್ಲಿ ಉದ್ದ ಮತ್ತು ಹರವನ್ನು ಪಿಕ್ಸೆಲ್‌ಗಳಲ್ಲಿ ಅಳೆದು ಭಾಗಿಸಿ: 1.44 ಬರಬೇಕು. 1.40 ಅಥವಾ 1.48 ಬಂದರೆ ಸ್ಕ್ಯಾನ್ ಮಾಡುವಾಗ ಹಾಳೆ ಒಂದು ಕಡೆಗೆ ಎಳೆದುಕೊಂಡಿದೆ. ಒಂದು ದಿಕ್ಕಿಗೆ ಮಾತ್ರ ಹಿಗ್ಗಿಸಿ ಸರಿಪಡಿಸಿ. ಪಕ್ಕದ ನೋಟದ ಉದ್ದವೂ ಮೇಲಿನ ನೋಟದ ಉದ್ದವೂ ಒಂದೇ ಬರದಿದ್ದರೆ ಆ ಡ್ರಾಯಿಂಗ್ ಬಿಡುವುದು ಮೇಲು. ಒಡಲಿನ ಅಡ್ಡಕೊಯ್ತಗಳಿಗೆ ವಸ್ತುಸಂಗ್ರಹಾಲಯದ ಫೋಟೋಗಳೇ ಗತಿ. ಪೆನ್ಸಕೋಲಾದ ನೌಕಾ ವಾಯುಯಾನ ಸಂಗ್ರಹಾಲಯ, ಟೂಸಾನ್‌ನ ಪೀಮಾ, ಸ್ಯಾನ್ ಡಿಯಾಗೋದ ಮಿಡ್‌ವೇ ನೌಕೆ ಈ ಮೂರೂ ಕಡೆ ಆರ್‌ಎ-5ಸಿ ನಿಂತಿದೆ. ವೇಗ, ತೂಕ, ಕಾರ್ಯವಿಧಾನಗಳಿಗೆ ನೌಕಾಪಡೆಯ ನ್ಯಾಟಾಪ್ಸ್ ಹಾರಾಟ ಕೈಪಿಡಿ ನೋಡಿ.

ತೂಕ, ಜಡತೆ

ಖಾಲಿ ತೂಕ ಸುಮಾರು 37,500 ಪೌಂಡ್, ಗರಿಷ್ಠ ಟೇಕಾಫ್ ತೂಕ ಸುಮಾರು 79,600 ಪೌಂಡ್. ಅಂದರೆ ಅರ್ಧಕ್ಕಿಂತ ಹೆಚ್ಚು ಭಾರ ಬಂದುಹೋಗುವಂಥದ್ದು, ಅದರಲ್ಲಿ ಹೆಚ್ಚಿನ ಪಾಲು ಇಂಧನ. ಇಂಧನವನ್ನೆಲ್ಲ ಒಂದೇ ಟ್ಯಾಂಕ್‌ಗೆ ಹಾಕಿ ಕೈತೊಳೆದುಕೊಂಡರೆ ಈ ವಿಮಾನದ ನಡವಳಿಕೆ ಅಲ್ಲೇ ಕೆಟ್ಟಿತು. ಕನಿಷ್ಠ ನಾಲ್ಕು ಗುಂಪು ಮಾಡಿ: ಒಡಲಿನ ಮುಂಭಾಗ, ಒಡಲಿನ ಹಿಂಭಾಗ, ರೆಕ್ಕೆಗಳು, ಮತ್ತು ಎರಡು ಎಂಜಿನ್‌ಗಳ ನಡುವಿನ ಸುರಂಗದ ಮೂರು ಡಬ್ಬಿಗಳು. ಆ ಸುರಂಗ ಮೂಲತಃ ಅಣುಬಾಂಬನ್ನು ಬಾಲದ ಕಡೆಯಿಂದ ಹೊರದೂಡಲು ಮಾಡಿದ್ದು. ಬೇಹು ರೂಪದಲ್ಲಿ ಅದು ಇಂಧನದ ಜಾಗವಾಯಿತು. ನೌಕೆಯಿಂದ ವಿಮಾನವನ್ನು ಚಿಮ್ಮಿಸುವ ಕೆಟಪಲ್ಟ್‌ನ ಹೊಡೆತಕ್ಕೆ ಡಬ್ಬಿಗಳು ಕಳಚಿ ವಿಮಾನ ಮುಂದೆ ಹೋಗಿ ಡಬ್ಬಿ ಡೆಕ್ ಮೇಲೆ ಉಳಿದ ಪ್ರಸಂಗಗಳೂ ಉಂಟು. ಡಬ್ಬಿಗಳು ಹಿಂದೆ ಇರುವುದರಿಂದ ಅವು ಖಾಲಿಯಾದಂತೆ ಭಾರಕೇಂದ್ರ ಮುಂದಕ್ಕೆ ಸರಿಯುತ್ತದೆ. ಟ್ಯಾಂಕ್‌ಗಳ ಆದ್ಯತೆ ಸಂಖ್ಯೆಯಿಂದ ಯಾವುದು ಮೊದಲು ಬರಿದಾಗಬೇಕೆಂದು ಹೇಳಿ. ಜೆಪಿ-5 ಇಂಧನಕ್ಕೆ ಗ್ಯಾಲನ್‌ಗೆ 6.8 ಪೌಂಡ್ ಸಾಂದ್ರತೆ ಕೊಡಿ.

ಜಡತ್ವ ಮಹತ್ವಗಳು (ಆಯಾ ಅಕ್ಷದ ಸುತ್ತ ತಿರುಗಿಸಲು ವಿಮಾನ ಒಡ್ಡುವ ಪ್ರತಿರೋಧದ ಅಳತೆ) ಎಲ್ಲೂ ಸಿಗದಿದ್ದರೆ ವಿನ್ಯಾಸಕಾರರ ಅಂದಾಜು ಸೂತ್ರ ಸಾಕು. ಜೆಟ್ ಫೈಟರ್‌ಗಳಿಗೆ ಬಳಸುವ ಗುಣಾಂಕಗಳು ಉರುಳಿಗೆ 0.23, ಮೂಗಿನ ಏರಿಳಿತಕ್ಕೆ 0.38, ಎಡಬಲ ತಿರುವಿಗೆ 0.52. ಉರುಳಿಗೆ ಹರವನ್ನು, ಏರಿಳಿತಕ್ಕೆ ಉದ್ದವನ್ನು, ತಿರುವಿಗೆ ಇವೆರಡರ ಸರಾಸರಿಯನ್ನು ಆಯಾ ಗುಣಾಂಕದಿಂದ ಗುಣಿಸಿ, 2ರಿಂದ ಭಾಗಿಸಿ, ವರ್ಗ ಮಾಡಿ, ಸ್ಲಗ್ ಎಂಬ ಮಾನದಲ್ಲಿನ ದ್ರವ್ಯರಾಶಿಯಿಂದ ಗುಣಿಸಿ. 37,500 ಪೌಂಡ್ ಅಂದರೆ ಸುಮಾರು 1,166 ಸ್ಲಗ್. ಉತ್ತರ: ಉರುಳು 43,300, ಏರಿಳಿತ 2,46,000, ತಿರುವು 3,30,000 ಸ್ಲಗ್-ಚದರ ಅಡಿ.

ಇಲ್ಲೊಂದು ಬಲೆ ಇದೆ. ಯಾವ ಘನವಸ್ತುವಿನಲ್ಲೂ ತಿರುವಿನ ಜಡತ್ವ ಮಹತ್ವ ಉಳಿದೆರಡರ ಮೊತ್ತವನ್ನು ಮೀರಲಾರದು. ಇಲ್ಲಿ ಮೊತ್ತ 2,89,300, ಸೂತ್ರ ಕೊಟ್ಟದ್ದು 3,30,000. ಹಾಗೇ ತುಂಬಿದರೆ ವೇಗವಾಗಿ ಉರುಳಿದಾಗ ವಿಮಾನ ಇರಲಾರದ ವಸ್ತುವಿನಂತೆ ವರ್ತಿಸುತ್ತದೆ, ಮತ್ತು ನೀವು ತಪ್ಪನ್ನು ಏರೋಡೈನಾಮಿಕ್ಸ್ ಕೋಷ್ಟಕಗಳಲ್ಲಿ ಹುಡುಕುತ್ತ ಕೂರುತ್ತೀರಿ. 2,80,000ಕ್ಕೆ ಇಳಿಸಿ. ಕೊಡಬೇಕಾದದ್ದು ಖಾಲಿ ವಿಮಾನದ ಅಂಕಿಗಳನ್ನು ಮಾತ್ರ. ಇಂಧನದ ಪಾಲನ್ನು ಜೆಎಸ್‌ಬಿಸಿಮ್ ಟ್ಯಾಂಕ್‌ಗಳ ಸ್ಥಾನ ನೋಡಿ ತಾನೇ ಸೇರಿಸಿಕೊಳ್ಳುತ್ತದೆ.

ಸ್ಥಾನಗಳನ್ನು ಬರೆಯುವಾಗ ನೆನಪಿಡಬೇಕಾದದ್ದು: ಜೆಎಸ್‌ಬಿಸಿಮ್ ಚೌಕಟ್ಟಿನಲ್ಲಿ ಎಕ್ಸ್ ಬಾಲದ ಕಡೆಗೆ, ವೈ ಬಲಕ್ಕೆ, ಝಡ್ ಮೇಲಕ್ಕೆ. ಅಳತೆ ಸಾಮಾನ್ಯವಾಗಿ ಅಂಗುಲದಲ್ಲಿ. ಫ್ಲೈಟ್‌ಗೇರ್‌ನ ಮೂರು ಆಯಾಮದ ಮಾದರಿಯ ದಿಕ್ಕುಗಳೂ ಅವೇ, ಅಳತೆ ಮಾತ್ರ ಮೀಟರ್‌ನಲ್ಲಿ. ಮೂಗಿನ ತುದಿಯನ್ನೇ ಎರಡಕ್ಕೂ ಸೊನ್ನೆ ಮಾಡಿ, ವಿಆರ್‌ಪಿ ಬಿಂದುವನ್ನೂ (ಹಾರಾಟದ ಲೆಕ್ಕವನ್ನು ಕಾಣುವ ಮಾದರಿಗೆ ಜೋಡಿಸುವ ಗುರುತು) ಅಲ್ಲೇ ಇಡಿ. ಇದು ತಪ್ಪಿದರೆ ಚಕ್ರಗಳು ನೆಲದೊಳಗೆ ಹೂತಿರುತ್ತವೆ ಅಥವಾ ವಿಮಾನ ತನ್ನ ಭಾರಕೇಂದ್ರ ಬಿಟ್ಟು ಇನ್ನೆಲ್ಲೋ ಸುತ್ತುತ್ತದೆ.

ಎಂಜಿನ್

ಜಿಇ-10ಕ್ಕೆ ಆಫ್ಟರ್‌ಬರ್ನರ್ (ಎಂಜಿನ್‌ನ ಹಿಂಭಾಗದಲ್ಲಿ ಇನ್ನಷ್ಟು ಇಂಧನ ಉರಿಸುವ ಏರ್ಪಾಡು) ಇಲ್ಲದೆ ಸುಮಾರು 11,870 ಪೌಂಡ್, ಇದ್ದಾಗ ಸುಮಾರು 17,900 ಪೌಂಡ್ ನೂಕುಬಲ. ಬೈಪಾಸ್ ಅನುಪಾತ (ಎಂಜಿನ್‌ನ ಒಡಲು ಬಿಟ್ಟು ಪಕ್ಕದಿಂದ ಹಾಯುವ ಗಾಳಿಯ ಪಾಲು) ಸೊನ್ನೆ. ಇಂಧನ ಬಳಕೆ ಗಂಟೆಗೆ, ಪ್ರತಿ ಪೌಂಡ್ ನೂಕುಬಲಕ್ಕೆ, ಆಫ್ಟರ್‌ಬರ್ನರ್ ಇಲ್ಲದೆ 0.85, ಇದ್ದಾಗ 1.97 ಪೌಂಡ್‌ನಿಂದ ಶುರುಮಾಡಿ. ಜೆ79 ಒಂದೇ ಶಾಫ್ಟ್‌ನ ಎಂಜಿನ್. ಜೆಎಸ್‌ಬಿಸಿಮ್ ಮಾತ್ರ ಎನ್1, ಎನ್2 ಎಂಬ ಎರಡು ಶಾಫ್ಟ್ ವೇಗಗಳನ್ನೂ ಕೇಳುತ್ತದೆ. ಎರಡಕ್ಕೂ ಒಂದೇ ಐಡಲ್, ಒಂದೇ ಗರಿಷ್ಠ ಕೊಟ್ಟು ಕಾಕ್‌ಪಿಟ್‌ನ ಆರ್‌ಪಿಎಂ ಮುಳ್ಳಿಗೆ ಎನ್2 ಜೋಡಿಸಿ.

ಏರೋಮ್ಯಾಟಿಕ್ (ಕೆಲವು ಅಂಕಿ ಕೊಟ್ಟರೆ ಜೆಎಸ್‌ಬಿಸಿಮ್ ಫೈಲ್‌ಗಳ ಕರಡು ಬರೆದುಕೊಡುವ ಉಪಕರಣ) ಹುಟ್ಟಿಸುವ ನೂಕುಬಲದ ಕೋಷ್ಟಕ ಸಾಮಾನ್ಯ ಎಂಜಿನ್‌ನದ್ದು. ಅದನ್ನು ಒಂದು ಬಿಂದುವಿನಲ್ಲಾದರೂ ಲೆಕ್ಕ ಹಾಕಿ ಪರೀಕ್ಷಿಸಿ. 40,000 ಅಡಿಯಲ್ಲಿ ಗಾಳಿಯ ಒತ್ತಡ ಚದರ ಅಡಿಗೆ ಸುಮಾರು 392 ಪೌಂಡ್. ಮ್ಯಾಕ್ 2ರಲ್ಲಿ (ಶಬ್ದವೇಗದ ಎರಡರಷ್ಟು, ಈ ವಿಮಾನದ ಗರಿಷ್ಠ ವೇಗದ ಸುಮಾರು) ಚಲನ ಒತ್ತಡ, ಅಂದರೆ ಓಟದಿಂದ ಹುಟ್ಟುವ ಗಾಳಿಯ ಒತ್ತಡ, 0.7 × 392 × 4, ಅಂದರೆ ಸುಮಾರು 1,100. ಒಟ್ಟು ಡ್ರ್ಯಾಗ್ (ಗಾಳಿಯ ಹಿಂದೆಳೆತ) ಗುಣಾಂಕ 0.03 ಎಂದಿಟ್ಟುಕೊಂಡರೆ 754 ಚದರ ಅಡಿಗೆ ಡ್ರ್ಯಾಗ್ ಸುಮಾರು 24,900 ಪೌಂಡ್, ಎಂಜಿನ್‌ಗೆ 12,400 ಚಿಲ್ಲರೆ. ಅದನ್ನು 17,900ರಿಂದ ಭಾಗಿಸಿದರೆ 0.69. ಆಫ್ಟರ್‌ಬರ್ನರ್ ಕೋಷ್ಟಕದ ಆ ಮನೆಯಲ್ಲಿ ಇದರ ಆಸುಪಾಸಿನ ಅಂಕಿ ಇರಬೇಕು. ವಿಮಾನ ಮ್ಯಾಕ್ 2.4ಕ್ಕೆ ಓಡಿದರೆ ಡ್ರ್ಯಾಗ್ ಹೆಚ್ಚಿಸುವ ಮುನ್ನ ಈ ಮನೆ ನೋಡಿ. ಡ್ರ್ಯಾಗ್ ಕೆದಕಿದರೆ ಕೆಳಮಟ್ಟದ ಹಾರಾಟವೂ ಹಾಳಾಗುತ್ತದೆ.

ಹಾರಾಟ ನಿಯಂತ್ರಣ

ಏರೋಮ್ಯಾಟಿಕ್‌ನಿಂದ ಎರಡು ಎಂಜಿನ್‌ನ ಜೆಟ್‌ಗೆ ಕರಡು ಫೈಲ್ ಮಾಡಿಸಿಕೊಳ್ಳಿ. ಅದರಲ್ಲಿ ಐಲರಾನ್, ರಡರ್‌ಗೆ ಸಂಬಂಧಿಸಿದ ಸಾಲುಗಳನ್ನೆಲ್ಲ ಅಳಿಸಿ. ಆಮೇಲೆ ಕೈಯಾರೆ ಕಟ್ಟುವುದು ಹೀಗೆ.

ಉರುಳುವುದಕ್ಕೆ ರೆಕ್ಕೆಯ ಸ್ಪಾಯ್ಲರ್‌ಗಳಿವೆ (ತೆರೆದುಕೊಂಡು ಗಾಳಿಗೆ ಅಡ್ಡ ಬರುವ ಫಲಕಗಳು), ಜೊತೆಗೆ ಬಾಲದ ಎಡಬಲ ಫಲಕಗಳು ಬೇರೆಬೇರೆಯಾಗಿ ತಿರುಗುತ್ತವೆ. ಪೈಲಟ್‌ನ ಸ್ಟಿಕ್‌ನಿಂದ ಬರುವ ಉರುಳಿನ ಸಂಕೇತಕ್ಕೆ ಮಾತ್ರ ಇಲ್ಲೂ ಐಲರಾನ್ ಕಮಾಂಡ್ ಎಂದೇ ಹೆಸರು; ಅದು -1ರಿಂದ +1ರವರೆಗೆ ಬರುತ್ತದೆ. ಧನ ಭಾಗ ಬಲ ಸ್ಪಾಯ್ಲರ್‌ಗೆ, ಋಣ ಭಾಗ ಚಿಹ್ನೆ ಬದಲಿಸಿ ಎಡ ಸ್ಪಾಯ್ಲರ್‌ಗೆ; ಎರಡನ್ನೂ 0–1ರ ಮಿತಿಯೊಳಗೆ ಕ್ಲಿಪ್ ಮಾಡಿ. ತೆರೆದ ಸ್ಪಾಯ್ಲರ್ ಆ ಕಡೆಯ ಲಿಫ್ಟ್ (ಎತ್ತುವ ಬಲ) ಇಳಿಸುತ್ತದೆ, ಡ್ರ್ಯಾಗ್ ಏರಿಸುತ್ತದೆ, ಮೂಗನ್ನು ತಿರುವಿನ ಒಳಕ್ಕೇ ಎಳೆಯುತ್ತದೆ. ಐಲರಾನ್ ಮಾಡುವುದು ಇದರ ತಿರುಗುಮುರುಗು. ಬೇರೆ ಫೈಟರ್ ಫೈಲ್‌ನಿಂದ ಸಾಲು ನಕಲಿಸಿ ತಂದವರ ವಿಜಿಲಾಂಟಿ ತಿರುಗುವಾಗಲೆಲ್ಲ ಮೂಗು ಹೊರಗೆ ಚಾಚುವುದು ಆ ಒಂದು ಚಿಹ್ನೆಯಿಂದ. ಇಳಿಯುವಾಗಿನ ದೊಡ್ಡ ಕೋನಗಳಲ್ಲಿ ಸ್ಪಾಯ್ಲರ್‌ನ ಕಸುವು ಕುಗ್ಗುವಂತೆ ಆಲ್ಫಾ (ಎದುರುಗಾಳಿಗೆ ರೆಕ್ಕೆ ಮಾಡುವ ಕೋನ) ಕೋಷ್ಟಕದಿಂದ ಗುಣಿಸಿ.

ಬಾಲದ ಪ್ರತಿ ಫಲಕಕ್ಕೂ ಎಲಿವೇಟರ್ (ಮೂಗು ಏರಿಳಿಸುವ) ಕಮಾಂಡ್‌ಗೆ ಐಲರಾನ್ ಕಮಾಂಡ್‌ನ ಒಂದಂಶ (0.15ರಿಂದ ಶುರುಮಾಡಿ) ಒಂದು ಕಡೆ ಕೂಡಿಸಿ, ಇನ್ನೊಂದು ಕಡೆ ಕಳೆಯಿರಿ. ಕೂಡಿದ ಮೇಲೆ ಕ್ಲಿಪ್ ಮಾಡಬೇಕು, ಮುಂಚೆ ಅಲ್ಲ. ಮುಂಚೆಯೇ ಮಾಡಿದರೆ ಸ್ಟಿಕ್ ಪೂರ್ತಿ ಎಳೆದು ಉರುಳಿಸಿದಾಗ ಫಲಕ ತನ್ನ ನಿಜವಾದ ಮಿತಿ ದಾಟಿ ತಿರುಗುತ್ತದೆ. ಕೊನೆಯಲ್ಲಿ ಆಕ್ಚುಯೇಟರ್ ಘಟಕ ಹಾಕಿ ವೇಗಮಿತಿ ಕೊಡಿ. ಸೇವೆಗೆ ಬಂದ ವಿಮಾನಗಳಲ್ಲಿ ತಂತಿ ಮೂಲಕ ನಿಯಂತ್ರಣ ಮೊದಲು ಬಂದದ್ದು ವಿಜಿಲಾಂಟಿಯಲ್ಲಿ, ಯಾಂತ್ರಿಕ ಬದಲಿಯೊಂದಿಗೆ. ಸ್ಟಿಕ್‌ಗೂ ಫಲಕಕ್ಕೂ ನೇರ ಗೆರೆ ಎಳೆದರೆ ಅದರ ಗುಣವೇ ಹೋಗುತ್ತದೆ.

ಲಂಬ ಬಾಲ ಇಡಿಯಾಗಿ ತಿರುಗುವಂಥದ್ದು, ಹಾಗಾಗಿ ಅದರ ಬಲ ಮಾಮೂಲಿ ರಡರ್‌ಗಿಂತ ಬಹಳ ಹೆಚ್ಚು. ತಿರುಗುವ ಕೋನವನ್ನು ಚಲನ ಒತ್ತಡದಿಂದ ತಗ್ಗಿಸಿ: ಚದರ ಅಡಿಗೆ 200 ಪೌಂಡ್‌ವರೆಗೆ, ಅಂದರೆ ಸಮುದ್ರಮಟ್ಟದಲ್ಲಿ 250 ನಾಟ್‌ಗಿಂತ ಸ್ವಲ್ಪ ಕೆಳಗಿನವರೆಗೆ, ಪೂರ್ತಿ ಕೋನ, ಅದರಾಚೆ 200ನ್ನು ಚಲನ ಒತ್ತಡದಿಂದ ಭಾಗಿಸಿ ಬಂದಷ್ಟು ಪಾಲು. ತಿರುವಿನ ಡ್ಯಾಂಪರ್‌ಗೆ (ಮೂಗಿನ ಎಡಬಲ ಓಲಾಟ ತಗ್ಗಿಸುವ ಘಟಕ) ಕೊಡುವ ಸಂಕೇತವನ್ನು ವಾಷ್‌ಔಟ್ ಫಿಲ್ಟರ್ (ಬೇಗ ಬದಲಾಗುವುದನ್ನಷ್ಟೇ ಬಿಡುವ ಜರಡಿ) ಮೂಲಕ ಹಾಯಿಸಿ. ಇಲ್ಲವಾದರೆ ನಿಧಾನವಾದ ನಿರಂತರ ತಿರುವನ್ನೂ ಡ್ಯಾಂಪರ್ ತಡೆಯುತ್ತಲೇ ಇರುತ್ತದೆ.

ಶಬ್ದವೇಗ ದಾಟುವಾಗ ಲಿಫ್ಟ್‌ನ ಕೇಂದ್ರ ಕಾರ್ಡ್‌ನ ಶೇ. 25ರ ಸುಮಾರಿನಿಂದ ಶೇ. 45–50ರತ್ತ ಹಿಂದೆ ಸರಿಯುತ್ತದೆ. ಮ್ಯಾಕ್ 0.9ರಿಂದ 1.2ರ ನಡುವೆ ಇದನ್ನು ಕನಿಷ್ಠ ನಾಲ್ಕು ಸಾಲುಗಳ ಕೋಷ್ಟಕದಲ್ಲಿ ಹರಡಿ. ಎರಡೇ ಸಾಲಿದ್ದರೆ ಮೂಗು ಏಕಾಏಕಿ ಕುಸಿಯುತ್ತದೆ.

ಇನ್ನು ಊದುವ ಫ್ಲಾಪ್. ಎಂಜಿನ್‌ನಿಂದ ಸೆಳೆದ ಬಿಸಿಗಾಳಿ ಫ್ಲಾಪ್ ಮೇಲೆ ಹರಿದು ಗಾಳಿ ಕಳಚಿಕೊಳ್ಳದಂತೆ ಹಿಡಿಯುತ್ತದೆ. ಆದ್ದರಿಂದ ಫ್ಲಾಪ್‌ನ ಲಿಫ್ಟ್ ಕೋಷ್ಟಕಕ್ಕೆ ಫ್ಲಾಪ್ ಕೋನದ ಜೊತೆ ಆರ್‌ಪಿಎಂ ಕೂಡ ಬೇಕು. ಇಳಿಯುವಾಗಿನ ಆರ್‌ಪಿಎಂನಲ್ಲಿ ಪೂರ್ತಿ ಹೆಚ್ಚಳ, ಐಡಲ್‌ನಲ್ಲಿ ಅದರ ಶೇ. 50–60 ಎಂದು ಶುರುಮಾಡಿ. ಪರೀಕ್ಷೆ ಹೀಗೆ: ಇಳಿಯುವ ಕೋನದಲ್ಲಿ ಟ್ರಿಮ್ ಮಾಡಿ (ಬಲಗಳನ್ನು ಸಮತೋಲಕ್ಕೆ ತಂದು) ಥ್ರಾಟಲ್ ಪೂರ್ತಿ ಹಿಂದಕ್ಕೆಳೆಯಿರಿ. ನೂಕುಬಲ ಕಳೆದುಕೊಂಡಷ್ಟೇ ಅಲ್ಲದೆ ಕಾಲಡಿಯ ಗಾಳಿಯೇ ಹೋದಂತೆ ಸಿಂಕ್ (ಕೆಳಗಿಳಿಯುವ ವೇಗ) ಏರಬೇಕು. ವಿಜಿಲಾಂಟಿಯನ್ನು ಇಳಿಸುವುದು ಕಷ್ಟ ಎಂಬ ಹೆಸರು ಬರಲು ಏನೇನು ಕಾರಣವೋ, ಸಿಮ್ಯುಲೇಟರ್‌ನಲ್ಲಿ ಆ ಕಷ್ಟದ ಅರ್ಧ ಈ ಒಂದು ಕೋಷ್ಟಕದಿಂದಲೇ ಸಿಗುತ್ತದೆ.

ಇದೆಲ್ಲಕ್ಕೂ ಗ್ರಾಫಿಕ್ಸ್ ಬೇಕಿಲ್ಲ. ಜೆಎಸ್‌ಬಿಸಿಮ್ ಅನ್ನು ಕಮಾಂಡ್‌ಲೈನ್‌ನಿಂದ ಸ್ಕ್ರಿಪ್ಟ್ ಕೊಟ್ಟು ಓಡಿಸಿ, ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಅಂಕಿಗಳ) ಫೈಲ್ ಬರೆಸಿ, ಗ್ರಾಫ್ ನೋಡಿ. ಟ್ರಿಮ್ ಆಗಲಿಲ್ಲ ಎಂಬ ಸಂದೇಶ ಬಂದರೆ ಹೆಚ್ಚಾಗಿ ಭಾರಕೇಂದ್ರ ತೀರಾ ಮುಂದಿದೆ ಅಥವಾ ಬಾಲದ ಬಲ ಸಾಲುತ್ತಿಲ್ಲ.

ಡೆಕ್ ಮೇಲೆ

ಇಳಿಯುವ ತೂಕ 50,000 ಪೌಂಡ್ ಎಂದಿಟ್ಟುಕೊಳ್ಳಿ, ಅದರಲ್ಲಿ ಪ್ರತಿ ಮುಖ್ಯ ಚಕ್ರಕ್ಕೆ 22,000. ನಿಂತಾಗ ಸ್ಟ್ರಟ್ (ಚಕ್ರದ ಕಾಲು) ಒಂದು ಅಡಿ ಕುಗ್ಗಬೇಕೆಂದರೆ ಸ್ಪ್ರಿಂಗ್ ಗುಣಾಂಕ ಅಡಿಗೆ 22,000 ಪೌಂಡ್. ಈ ಸ್ಪ್ರಿಂಗ್‌ಗೆ ಕ್ರಿಟಿಕಲ್ ಡ್ಯಾಂಪಿಂಗ್ (ಪುಟಿಯದೆ ನಿಲ್ಲಿಸಲು ಸಾಕಾಗುವ ತಡೆ) ಸುಮಾರು 7,750, ಅದರ ಅರ್ಧದಷ್ಟು ಕೊಡಿ. ರನ್‌ವೇ ಮೇಲೆ ಇದು ಸಾಕು, ನೌಕೆಗೆ ಸಾಲದು. ಸೆಕೆಂಡಿಗೆ 20 ಅಡಿ ಸಿಂಕ್‌ನಲ್ಲಿ ಬಿದ್ದರೆ ಬರೀ ಸ್ಪ್ರಿಂಗ್ ಆ ಶಕ್ತಿ ನುಂಗಲು ಮೂರೂವರೆ ಅಡಿ ಕುಗ್ಗಬೇಕಾಗುತ್ತದೆ, ಹೊಟ್ಟೆ ಡೆಕ್‌ಗೆ ತಾಗುತ್ತದೆ. ಸ್ಪ್ರಿಂಗ್ ಗಟ್ಟಿ ಮಾಡಿದರೆ ವಿಮಾನ ಪುಟಿದು ಬಾಲದ ಹುಕ್ ನೌಕೆಯ ತಡೆತಂತಿಯ ಮೇಲಿನಿಂದ ಹಾದುಹೋಗುತ್ತದೆ. ಸರಿಯಾದ ದಾರಿ: ಡ್ಯಾಂಪಿಂಗ್ ಅನ್ನು ವೇಗದ ವರ್ಗಕ್ಕೆ ಅನುಗುಣವಾಗುವ ಬಗೆಗೆ ಬದಲಿಸಿ, ಹಿಂಪುಟಿತಕ್ಕೆ ಬೇರೆ, ಹೆಚ್ಚಿನ ಡ್ಯಾಂಪಿಂಗ್ ಕೊಡಿ.

ಕೆಟಪಲ್ಟ್ ಮತ್ತು ಹುಕ್‌ಗೆ ಜೆಎಸ್‌ಬಿಸಿಮ್ ಜೊತೆಗೇ ಬರುವ ಸಿಸ್ಟಮ್ ಫೈಲ್‌ಗಳನ್ನು ತಂದುಕೊಳ್ಳಿ. 310 ಅಡಿಯ ಓಟದಲ್ಲಿ 150 ನಾಟ್ ಬರಬೇಕಾದರೆ ವೇಗೋತ್ಕರ್ಷ ಸರಾಸರಿ 3.2 ಜಿ. ನಿಮ್ಮದು 5 ಜಿ ತೋರಿಸುತ್ತಿದ್ದರೆ ಬಲವನ್ನು ಹಗುರ ವಿಮಾನಕ್ಕೂ ಭಾರದ ವಿಮಾನಕ್ಕೂ ಒಂದೇ ಇಟ್ಟಿದ್ದೀರಿ. ತೂಕಕ್ಕೆ ತಕ್ಕಂತೆ ಬದಲಾಗಬೇಕು. ಆಲ್ಫಾ ಸೂಚಕದ ದೀಪಗಳಲ್ಲಿ ಮೇಲಿನ ಹಸಿರು ಬಾಣ ನಿಧಾನ, ನಡುವಿನ ಹಳದಿ ಉಂಗುರ ಸರಿ, ಕೆಳಗಿನ ಕೆಂಪು ಬಾಣ ವೇಗ. ಹಸಿರು ಎಂದರೆ ಸರಿ ಎಂದುಕೊಂಡು ಅದಲುಬದಲು ಮಾಡುವವರು ಕಡಿಮೆಯೇನಿಲ್ಲ.

ಆಕಾರ

ಬ್ಲೆಂಡರ್‌ನಲ್ಲಿ ಒಂದು ಯೂನಿಟ್ ಒಂದು ಮೀಟರ್. ಮೊದಲು ಒಡಲಿನ ಕೊಯ್ತಗಳು, ಆಮೇಲೆ ಇನ್‌ಟೇಕ್, ಕೊನೆಗೆ ರೆಕ್ಕೆ. ಮಡಚುವ ರೆಕ್ಕೆ ತುದಿ, ಬಾಲ ಮತ್ತು ಮೂಗನ್ನು ಶುರುವಿನಲ್ಲೇ ಬೇರೆ ವಸ್ತುಗಳಾಗಿ ಕತ್ತರಿಸಿಡಿ. ಮುಗಿದ ಮೆಶ್ ಸೀಳಿದರೆ ಅಂಚಿನಲ್ಲಿ ನೆರಳು ಒಡೆಯುತ್ತದೆ. ಹಿಂದಿನ ಸೀಟಿನ ಬೇಹು ನ್ಯಾವಿಗೇಟರ್‌ಗೆ ಎರಡು ಪಕ್ಕಗಳಲ್ಲಿ ಸಣ್ಣ ಕಿಟಕಿಗಳಷ್ಟೇ. ಬಣ್ಣ ಮೇಲೆ ತಿಳಿ ಗಲ್ ಬೂದು, ಕೆಳಗೆ ಬಿಳಿ. ಜೆ79 ಪೂರ್ಣ ಒಣ ಬಲದಲ್ಲಿ ಕರಿಹೊಗೆ ಎಳೆಯುತ್ತದೆ, ಆಫ್ಟರ್‌ಬರ್ನರ್ ಹತ್ತಿದ ಕೂಡಲೇ ಹೊಗೆ ಹೆಚ್ಚುಕಡಿಮೆ ಮಾಯ. ಹೊಗೆಯ ಕಣಗಳಿಗೆ ಆ ಷರತ್ತು ಹಾಕುವುದು ಎರಡು ಸಾಲಿನ ಕೆಲಸ, ನೋಡಿದವರಿಗೆ ತಟ್ಟನೆ ತಿಳಿಯುತ್ತದೆ.

ಕ್ಯಾಮೆರಾ

ಬಹುತೇಕ ಮಾದರಿಗಳು ದೋಣಿ ಕವಚಕ್ಕೆ ಗಾಜಿನ ಚೌಕ ಬಿಡಿಸಿ ನಿಲ್ಲಿಸಿಬಿಡುತ್ತವೆ. ಬೇಹು ವಿಮಾನ ಫೋಟೋ ತೆಗೆಯದಿದ್ದರೆ ಅದು ಬರೀ ದೊಡ್ಡ ಫೈಟರ್.

ಲಂಬ ಕ್ಯಾಮೆರಾದಿಂದ ಶುರುಮಾಡಿ. ಉದಾಹರಣೆಗೆ 6 ಅಂಗುಲ ಫೋಕಲ್ ಲೆಂಗ್ತ್‌ನ ಲೆನ್ಸ್, 4.5 ಅಂಗುಲದ ಚದರ ಫ್ರೇಮ್. ನೆಲದ ಮೇಲೆ ಸಿಗುವ ಹರವು ಎತ್ತರದ 4.5/6 ಭಾಗ, 3,000 ಅಡಿಯಿಂದ 2,250 ಅಡಿ. ಜೋಡಿ ಚಿತ್ರಗಳಲ್ಲಿ ಆಳ ಕಾಣಬೇಕಾದರೆ ಶೇ. 60 ಒಂದರ ಮೇಲೊಂದು ಬರಬೇಕು, ಅಂದರೆ ಪ್ರತಿ 900 ಅಡಿಗೆ ಒಂದು ಫ್ರೇಮ್. 600 ನಾಟ್ ಎಂದರೆ ಸೆಕೆಂಡಿಗೆ 1,013 ಅಡಿ, ಹಾಗಾಗಿ 0.89 ಸೆಕೆಂಡಿಗೊಂದು. ಕ್ಯಾಮೆರಾ ಫಲಕದಲ್ಲಿ ವೇಗ-ಎತ್ತರದ ಅನುಪಾತ ತೋರಿಸಿ. ಇಲ್ಲಿ ಅದು 0.34. ನಿಜವಾದ ಕ್ಯಾಮೆರಾ ಚಿತ್ರ ಅಲುಗದಂತೆ ಫಿಲ್ಮನ್ನು ಸರಿಸುವುದೂ ಇದೇ ಅಂಕಿಯಿಂದ: 6 ಅಂಗುಲ × 0.34, ಸೆಕೆಂಡಿಗೆ ಸುಮಾರು 2 ಅಂಗುಲ. ಸಿಮ್ಯುಲೇಟರ್‌ನಲ್ಲಿ ಅಲುಗಾಟ ಇರುವುದಿಲ್ಲವಾದ್ದರಿಂದ ಅಂಕಿ ಸಾಕು.

ಕೆಳಗೆ ನೋಡುವ ಹೊಸ ವ್ಯೂ ಒಂದನ್ನು ಕವಚದ ಜಾಗದಲ್ಲಿ ಬರೆಯಿರಿ. ಆ ಲೆನ್ಸ್‌ನ ನೋಟದ ಕೋನ 41 ಡಿಗ್ರಿ. ಆದರೆ 41 ಎಂದು ತುಂಬಿದರೆ 16:9 ಪರದೆಯಲ್ಲಿ ಅದು ಅಡ್ಡಕ್ಕೆ ಅನ್ವಯಿಸುತ್ತದೆ. ಹಾರುವ ದಿಕ್ಕಿನಲ್ಲಿ ಸಿಗುವುದು 1,266 ಅಡಿ ಮಾತ್ರ, ಅತಿವ್ಯಾಪ್ತಿ ಶೇ. 60ರ ಬದಲು 29ಕ್ಕೆ ಇಳಿಯುತ್ತದೆ. 67.4 ಡಿಗ್ರಿ ಕೊಟ್ಟು ನಡುವಿನ ಚೌಕವನ್ನು ಕತ್ತರಿಸಿಕೊಳ್ಳಿ.

ಶಟರ್‌ಗೆ ಫ್ಲೈಟ್‌ಗೇರ್‌ನ ನಾಸಲ್ ಭಾಷೆಯಲ್ಲಿ ಸ್ಕ್ರಿಪ್ಟ್ ಬರೆಯುವಾಗ ಗಡಿಯಾರದ ಸಮಯಕ್ಕಲ್ಲ, ಸಾಗಿದ ದೂರಕ್ಕೆ ಕಟ್ಟಿಹಾಕಿ. ಪ್ರತಿ ಫ್ರೇಮ್‌ಗೆ ಅಕ್ಷಾಂಶ, ರೇಖಾಂಶ, ನೆಲದಿಂದ ಎತ್ತರ, ದಿಕ್ಕು, ಓರೆಯಾದ ಕೋನ ಇಷ್ಟನ್ನೂ ಸಿಎಸ್‌ವಿಗೆ ಬರೆಸಿ. ನೆಲದಿಂದ ಎತ್ತರ ಎಂದೆವು. ಸಮುದ್ರಮಟ್ಟದ ಎತ್ತರ ಬಳಸಿದರೆ ಗುಡ್ಡದ ಮೇಲೆ ಹೋಗುವಾಗ ಚಿತ್ರಗಳ ನಡುವೆ ಬಿರುಕು ಬೀಳುತ್ತದೆ. ಪಕ್ಕನೋಟದ ರಾಡಾರ್ ಬೇಕಿದ್ದವರು ಹಾರುವ ದಾರಿಗೆ ಲಂಬವಾದ ಗೆರೆಯ ಮೇಲೆ ನೆಲದ ಎತ್ತರಗಳನ್ನು ಕೇಳಿ ಫ್ಲೈಟ್‌ಗೇರ್‌ನ ಕ್ಯಾನ್ವಾಸ್ (ಚಿತ್ರ ಬಿಡಿಸುವ ಸೌಲಭ್ಯ) ಮೇಲೆ ಪಟ್ಟಿ ಬಿಡಿಸಬಹುದು. ಇನ್ನೂ ಲೋಡ್ ಆಗದ ನೆಲದ ತುಂಡಿಗೆ ಉತ್ತರವಾಗಿ ನಿಲ್ (ಏನೂ ಇಲ್ಲ ಎಂಬ ಮೌಲ್ಯ) ಬರುತ್ತದೆ. ಅದನ್ನು ಪರೀಕ್ಷಿಸದಿದ್ದರೆ ಸ್ಕ್ರಿಪ್ಟ್ ನಡುದಾರಿಯಲ್ಲಿ ಸತ್ತು ಉಳಿದ ಹಾರಾಟದ ಚಿತ್ರಗಳೆಲ್ಲ ಹೋಗುತ್ತವೆ.

ಕೆಳಮಟ್ಟದ ಓಟದಲ್ಲಿ ತೊಡಕು ಬೇರೆ. 500 ಅಡಿಯಲ್ಲಿ ಅದೇ ವೇಗಕ್ಕೆ 150 ಅಡಿಗೊಂದು ಫ್ರೇಮ್, ಸೆಕೆಂಡಿಗೆ ಏಳರ ಹತ್ತಿರ. ಅಷ್ಟು ಸ್ಕ್ರೀನ್‌ಶಾಟ್‌ಗಳನ್ನು ಡಿಸ್ಕ್‌ಗೆ ಬರೆಯುವಷ್ಟರಲ್ಲಿ ಫ್ರೇಮ್‌ರೇಟ್ ನೆಲ ಕಚ್ಚುತ್ತದೆ, ವಿಮಾನವೂ. ಹಾರುವಾಗ ಸಿಎಸ್‌ವಿ ಮಾತ್ರ ಬರೆಸಿ, ಹಾರಾಟವನ್ನು ರೀಪ್ಲೇ ಟೇಪ್‌ಗೆ ಉಳಿಸಿ. ಆಮೇಲೆ ಕಾಲು ವೇಗದಲ್ಲಿ ರೀಪ್ಲೇ ಓಡಿಸಿ ಚಿತ್ರ ತೆಗೆಸಿದರೆ ಸೆಕೆಂಡಿಗೆ ಎರಡಕ್ಕಿಂತ ಕಡಿಮೆ ಬರುತ್ತವೆ. ಶಟರ್ ದೂರಕ್ಕೆ ಕಟ್ಟಿರುವುದರಿಂದ ಫ್ರೇಮ್‌ಗಳ ಅಂತರ ಹಾಗೇ ಇರುತ್ತದೆ, ಸಿಎಸ್‌ವಿಯ ಸಾಲುಗಳಿಗೂ ಒಂದಕ್ಕೊಂದು ತಾಳೆಯಾಗುತ್ತದೆ.